ಹಿಗ್ಗದ ಹಗ್ಗ

ಬಾಗಿಲ ಚಿಲಕ ಕೊಳ್ಳಲು ಬಂದಿದ್ದ ದರ್ಜಿಯಮ್ಮ ಹಾರ್ಡ್‌ವೇರ್ ಅಂಗಡಿಯಲ್ಲಿ ಚಡಪಡಿಸುತ್ತ ನಿಂತಿದ್ದಳು. ಮುಂದಿದ್ದ ಗಂಡ ಹೆಂಡತಿ ಹಗ್ಗದ ಸುರುಳಿಗಳನ್ನೆಲ್ಲ ಜಗ್ಗಿ ನೋಡುತ್ತಿದ್ದರು, ಮುಗಿಸುವ ಹಾಗಿರಲಿಲ್ಲ. ಆದರೆ ಅವರ ಮಾತು ಕಿವಿಗೆ ಬಿದ್ದ ಮೇಲೆ ಅವಳಿಗೆ ಅವಸರವೇ ಮರೆತುಹೋಯಿತು.

“ಜೋಲಿಗೆ ಈ ನೀಲಿ ಹಗ್ಗಾನೇ ತಗೊಳ್ಳೋಣ. ನೋಡೋಕೆ ಚೆನ್ನಾಗಿದೆ,” ಎಂದ ಗಂಡ.

“ಹೋದ ಸಲದ ಹಳದೀದೂ ನೋಡೋಕೆ ಚೆನ್ನಾಗೇ ಇತ್ತು. ನಮ್ಮಮ್ಮ ಮಲಗಿದ್ದು ಜೋಲಿಯಲ್ಲಿ, ಎದ್ದಿದ್ದು ನೆಲದ ಮೇಲೆ.”

“ಬಿದ್ದಿಲ್ಲ ಕಣೇ. ಹಗ್ಗ ಹಿಗ್ಗಿ ಹಿಗ್ಗಿ ಮೆಲ್ಲಗೆ ಇಳಿಸ್ತು. ಅವರಿಗೆ ಎಚ್ಚರಾನೇ ಆಗ್ಲಿಲ್ಲ.”

“ಕೆಳಗೆ ಮಲಗಿದ್ದ ಬೆಕ್ಕಿಗೆ ಆಯ್ತು.”

ದರ್ಜಿಯಮ್ಮ ಕೆಮ್ಮಿದಂತೆ ಮಾಡಿ ನಗು ನುಂಗಿಕೊಂಡಳು.

“ಅವತ್ತಿಂದ ಅಮ್ಮ ಜೋಲಿ ಹತ್ತಿಲ್ಲ. ನಿಮ್ಮ ಜೊತೆ ನೆಟ್ಟಗೆ ಮಾತೂ ಆಡಿಲ್ಲ.”

“ಅದಕ್ಕೇ ತಾನೇ ಬಂದಿರೋದು.”

ಅಂಗಡಿಯವನು ಬಿಳಿ ಹಗ್ಗಗಳನ್ನು ಮುಂದಿಟ್ಟ. “ಇವು ಹಿಗ್ಗಲ್ಲ. ಎಷ್ಟು ತೂಕ ತಡೀಬೇಕು ಹೇಳಿ, ಅದಕ್ಕೆ ತಕ್ಕ ದಪ್ಪದ್ದು ಕೊಡ್ತೀನಿ.”

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು.

“ಹೇಳಿ,” ಎಂದಳು ಹೆಂಡತಿ.

“ನಿಮ್ಮಮ್ಮ, ನೀನೇ ಹೇಳು. ನಾನು ಹೇಳಿದ್ರೆ ಇರೋ ಎರಡು ಮಾತೂ ನಿಂತುಹೋಗುತ್ತೆ.”

“ನಾನು ಹೇಳಿದ್ರೆ ಇವತ್ತು ಇಬ್ಬರಿಗೂ ಊಟ ಇಲ್ಲ.”

ಬಾಗಿಲ ಬಳಿ ಬಣ್ಣದ ಡಬ್ಬಿಯ ಮೇಲೆ ಇಷ್ಟು ಹೊತ್ತೂ ಬೆನ್ನು ತಿರುಗಿಸಿ ಕೂತಿದ್ದ ಹಿರಿಯಾಕೆ ಎದ್ದು ಬಂದಳು. ಬಿಳಿಯದರಲ್ಲಿ ಎಲ್ಲಕ್ಕಿಂತ ದಪ್ಪನೆಯ ಸುರುಳಿಯನ್ನು ಆರಿಸಿ ಗಂಡಸಿನ ಕೈಗೆ ಕೊಟ್ಟಳು.

“ಇದನ್ನ ಕಟ್ಟಿ, ಅಳಿಯಂದ್ರೇ. ಬೆಕ್ಕು ಇನ್ಮೇಲೆ ನನ್ನ ಜೊತೆ ಮೇಲೇ ಮಲಗುತ್ತೆ. ಅದರ ತೂಕ ಸ್ವಲ್ಪ ಜಾಸ್ತಿ.”

“ಹೌದು ಅತ್ತೆ, ಬೆಕ್ಕು ಈಚೆಗೆ ತುಂಬಾ ದಪ್ಪ ಆಗಿದೆ,” ಎನ್ನುತ್ತ ಅಳಿಯ ಸುರುಳಿಯನ್ನು ಹೆಗಲಿಗೇರಿಸಿಕೊಂಡು ಅವಳ ಹಿಂದೆಯೇ ನಡೆದ.