ಏನೂ ಗೊತ್ತಿಲ್ಲದವಳೇ ಬೇಕು

...ಅನುಭವ ಕಟ್ಕೊಂಡು ನಾನೇನೇ ಮಾಡ್ಲಿ? ಇದು ಲಾಂಡ್ರಿ ಕಣೇ, ಇಲ್ಲೇನು ರಾಕೆಟ್ ಹಾರಿಸ್ತೀವಾ? ಯಾಕೆ ನಗ್ತೀಯ? ನಿಜ ಹೇಳ್ತಿದೀನಿ! ಹೋಟೆಲಿಂದ ಹಾಸಿಗೆ ಬಟ್ಟೆ ಬರುತ್ತೆ. ಒಗೆದು, ಅಗೋ ಆ ದೊಡ್ಡ ಇಸ್ತ್ರಿ ಮಿಷನ್ನಿಗೆ ಒಂದು ತುದಿ ಕೊಟ್ರೆ ಆಯ್ತು, ಮಿಕ್ಕಿದ್ದನ್ನ ಬಿಸಿ ರೋಲರೇ ಎಳ್ಕೊಳ್ಳುತ್ತೆ. ನಿನ್ನ ಮಗಳಿಗೆ ನಾನೇ ಕಲಿಸ್ತೀನಿ. ಕುಡಿಯೇ, ಕಾಫಿ ಆರಿಹೋಗುತ್ತೆ.

ಬೆಳಗ್ಗೆ ಒಬ್ಬಳು ಬಂದಿದ್ಲು. ಇದೇ ಕೆಲಸದಲ್ಲಿ ಪಳಗಿದ ಕೈ. ಅಬ್ಬಬ್ಬಾ, ಏನು ಗತ್ತು! ಕೂರೋಕೂ ಮುಂಚೆ ಮಿಷನ್ ಸುತ್ತ ಒಂದು ಸುತ್ತು ಹಾಕಿದ್ಲು. ಇದ್ಯಾಕೆ ಹೀಗಿದೆ, ಅದ್ಯಾಕೆ ಹಾಗಿದೆ... ಕೆಲಸ ಕೇಳೋಕೆ ಬಂದಿದ್ಲೋ, ನನ್ನ ಪರೀಕ್ಷೆ ಮಾಡೋಕೆ ಬಂದಿದ್ಲೋ! "ಮಹಾತಾಯಿ, ನಿನ್ನಂಥ ಪಂಡಿತೆ ನನಗೆ ಬೇಡ" ಅಂತ ಕೈ ಮುಗಿದು ಕಳಿಸಿದೆ. ಬಾಗಿಲಲ್ಲಿ ನಿಂತು ಗೊಳೋ ಅಂತ ಅತ್ಲು. ಅಳ್ಲಿ ಬಿಡು.

ನಿನ್ನ ಮಗಳು ಹಾಗಲ್ಲ. ನಿಲ್ಲು ಅಂದ್ರೆ ನಿಲ್ತಾಳೆ, ಕೂರು ಅಂದ್ರೆ ಕೂರ್ತಾಳೆ. ದೊಡ್ಡಮ್ಮ ಹೇಳಿದ್ದೇ ವೇದವಾಕ್ಯ. ಅಂಥವಳನ್ನ ಹೇಗೆ ಬೇಕಾದ್ರೂ ತಿದ್ದಬಹುದು.

ಏನು? ಆ ಹೆಂಗಸು ಏನು ಕೇಳಿದ್ಲು ಅಂತಾನಾ? ಏನೋಪ್ಪ... ರೋಲರ್ ಮುಂದೆ ಒಂದು ಪಟ್ಟಿ ಇರಬೇಕಂತೆ. ಕೈ ತಾಗಿದ್ರೆ ಮಿಷನ್ ನಿಂತುಹೋಗೋ ಪಟ್ಟಿ. ಇತ್ತು ಕಣೇ! ನಾನೇ ಬಿಚ್ಚಿಸಿದೆ. ಬಟ್ಟೆ ತಾಗಿದ್ರೂ ನಿಲ್ತಿತ್ತು, ಗಾಳಿ ತಾಗಿದ್ರೂ ನಿಲ್ತಿತ್ತು. ಕೆಲಸ ಸಾಗ್ಬೇಡ್ವಾ?

ಯಾಕೆ ಲೋಟ ಕೆಳಗಿಟ್ಟೆ?

ಏನೂ ಆಗಲ್ಲ ಮಾರಾಯ್ತಿ, ಮೈಯೆಲ್ಲಾ ಕಣ್ಣಾಗಿದ್ರೆ ಏನೂ ಆಗಲ್ಲ. ಮುಂಚೆ ಇದ್ದ ಹುಡುಗಿ ಮದುವೆ ಅಂತ ಬಿಟ್ಟಿದ್ದು, ಹೇಳಿದ್ನಲ್ಲ. ಮದುವೆ ಗೊತ್ತಾಗಿತ್ತು... ಹಾಗೆ ನೋಡ್ಬೇಡ ನನ್ನ! ಗೊತ್ತಾಗಿದ್ದು ನಿಜಾನೇ. ಆಮೇಲೆ ಗಂಡಿನ ಕಡೆಯವರು ಬೇಡ ಅಂದ್ರೆ ಅದಕ್ಕೆ ನಾನು ಹೊಣೆನಾ? ಒಂದು ಕೈ ಕಣೇ, ಒಂದೇ ಕೈ! ಅದೂ ಎಡಗೈ! ಆಸ್ಪತ್ರೆಗೆ ನಾನೇ ಎತ್ಕೊಂಡು ಹೋದೆ...

  

ಎಲ್ಲಿಗೆ ಎದ್ದೆ? ಅವಳು ಹಿಂದೆ ಅಂಗಳದಲ್ಲಿ ಬಟ್ಟೆ ಮಡಚ್ತಿದ್ದಾಳೆ, ಮಿಷನ್ ಹತ್ರ ಇನ್ನೂ ಬಿಟ್ಟಿಲ್ಲ. ಕರ್ಕೊಂಡು ಹೋಗ್ತೀಯಾ? ಹೋಗು! ಹಾಸಿಗೆ ಹಿಡಿದಿರೋ ನಿನ್ನ ಗಂಡನಿಗೆ ಔಷಧಿ ಯಾರು ತರ್ತಾರೋ ನೋಡ್ತೀನಿ. ನನ್ನ ಹೊಸ್ತಿಲು ಬಿಟ್ರೆ ಇನ್ಯಾವ ಬಾಗಿಲು ತೆಗೆಯುತ್ತೆ ನಿನಗೆ?

ಅರೆ... ಆ ಏಪ್ರನ್ ಯಾಕೆ ಕಟ್ಕೊಂಡೆ? ನೀನು ಮಾಡ್ತೀಯಾ? ಅವಳ ಬದಲು?

ಹುಚ್ಚಿ! ಬಿಚ್ಚು ಅದನ್ನ. ಆಗ್ಲಿಂದ ನಿನ್ನ ಕಣ್ಣು ಆ ರೋಲರ್ ಮೇಲೇ ಇದೆ. ನೋಡು, ನೋಡು, ಮಿಷನ್ ಚಾಲೂನೇ ಆಗಿಲ್ಲ, ಆಗ್ಲೇ ಕೈ ಹಿಂದಕ್ಕೆ ಎಳ್ಕೊಂಡೆ! ಹೀಗೆ ಹೆದರ್ಕೊಂಡು ಬಟ್ಟೆ ಕೊಟ್ರೆ ಸಂಜೆ ಹೋಟೆಲಿನವರಿಗೆ ನಾನು ಏನು ಕಳಿಸ್ಲಿ? ನಿನಗೆ ಗೊತ್ತಾಗಿಹೋಯ್ತಲ್ಲೇ. ನೀನು ಬೇಡ.

ಅವಳನ್ನೇ ಕಳಿಸು. ಏನೂ ಹೇಳದೆ ಕಳಿಸು.