ಸೂರು ಎಷ್ಟು ಎತ್ತರ

"ಹಲೋ… ಹಲೋ, ಯಾರು ಮಾತಾಡಾದು? ಮರದ ಮಿಲ್ಲಾ? ರಾಚಪ್ಪನ ಕೊಂಚ ಕೂಪ್ಪುಡುಂಗಣ್ಣಾ, ಫೋನ್ಗ ಕರೀರಿ… ನಾನು ಅವನ ಅಕ್ಕ, ಚಿಕ್ಕಬಸಮ್ಮ. ದೊಡ್ಡಗಾಜನೂರು."

ತಾಳವಾಡಿ ಅಂಚೆಕಚೇರಿಯ ಫೋನನ್ನು ಚಿಕ್ಕಬಸಮ್ಮ ಕುಡುಗೋಲಿನ ಹಿಡಿಯಂತೆ ಬಿಗಿಹಿಡಿದಿದ್ದಳು. ಅವಳ ಮನೆಯವರು ತಲೆಮಾರುಗಳಿಂದ ಯಾರ ಹೊಲದಲ್ಲಿ ಕೂಲಿ ಮಾಡುತ್ತಿದ್ದರೋ ಆ ಯಜಮಾನ ಸಿದ್ದಮಲ್ಲಪ್ಪ, ಹಿಂದಿನ ಬೆಂಚಿನಲ್ಲಿ ತಮ್ಮ ಸರದಿಗೆ ಕಾಯುತ್ತ, ಕಣ್ಣು ಪೇಪರಿಗೂ ಕಿವಿ ಇವಳಿಗೂ ಕೊಟ್ಟು ಕುಳಿತಿದ್ದರು.

"ಏನ್ಲಾ ರಾಚ, ಚೆಂದಾಗಿದ್ದಯಾ?… ಹಾಂ, ಹೊಸ ಮನೆ ಗ್ವಾಡ ಎದ್ದದ ಕಣ್ಲಾ. ಇನ್ನು ಸೂರೊಂದೆ. ಅದ್ಕೇ ಫೋನು ಮಾಡ್ದಿ…"

"ಸೂರ್ಗ ಎಂಚೇ ಹೊದ್ಸಾದು ಕಣ್ಲಾ. ತಗಡು ಬ್ಯಾಡ. ಮಳ ಬಂದ್ರ ತಮಟ ಬಡ್ದಂಗಾಯ್ತದ, ನಿಮ್ಮ ಬಾವನ ಗೊರಕನೂ ಕೇಳಲ್ಲ… ಅದು ಒಳ್ಳೇದೇ ಅಲ್ವಾ ಅಂತಿಯಾ? ಮುಚ್ಲಾ ಸಾಕು…"

"ಸೂರಿನ ಅಂಚ್ಗ ಹಲಗೆ ಬೇಕು. ಹಲ್ಲು ಹಲ್ಲಾಗಿ ಕೊರ್ದಿರದು. ನೀನೇ ಮಿಲ್ಲಲ್ಲಿ ಕುಯ್ಸಿ ಬಸ್ಗಾಕು… ಇಲ್ಲಿ ಆಚಾರಿ ಕೊರ್ಯಲ್ಲ ಅಂತಾನ. ಅಂತಾದು ಯಜಮಾನ್ರ ಮನ್ಗ ಒಂದ್ಕೇ ಇರ್ಬೇಕಂತ. ನಮ್ಮ ಕೇರಿ ಸೂರು ಎದೆಮಟ್ಟಕ್ಕಿಂತ ಮ್ಯಾಲ ಓಗಬಾರ್ದಂತ. ಬಗ್ಗಿ ಒಳಕ್ಕೋಗು, ಬಗ್ಗಿ ಈಚ್ಗ ಬಾ… ಯಾರು ಯೇಳುದ್ರಾ? ಇಲ್ಲೇ ಅವ್ರಲ್ಲ, ಅವ್ರೇ… ಹೂಂ ಕಣ್ಲಾ, ನನ್ನ ಬೆನ್ನಿಂದ. ಪೇಪರು ಓದ್ತಾವ್ರ. ಆಗ್ನಿಂದ ಒಂದೇ ಪುಟ."

ಸಿದ್ದಮಲ್ಲಪ್ಪ ಪುಟ ತಿರುವಿದರು.

"ಗಾಳಿನಾ?… ಗೊತ್ತು, ತಾಳಮಲೆ ಕಡಿಂದ ಬೀಸ್ತದ. ಎತ್ತರ ಮಾಡುದ್ರ ಎಂಚ ಎತ್ತಾಕ್ತದ ಅಂತಿಯಾ?… ಕಡೇ ಸಾಲ್ಗ ತಂತಿ ಬಿಗುದ್ರ? ನಿಂತ್ಕತದ ಅಲ್ವಾ?… ಇನ್ನೊಂದ್ಸಲ ಯೇಳು. ನಿಂತ್ಕತದಾ?… ಸರಿ."

"ತಡಿ ತಡಿ, ಇವ್ರು ಏನೋ ಅಂತಾವ್ರ… ಏನು ಬುದ್ದಿ?… ಪಂಚಾಯ್ತಿ ಎಲೆಕ್ಷನ್ಗ ನಿಂತಿದ್ದರಾ?… ನಮ್ಮ ಕೇರಿಗೂ ಬತ್ತರಾ? ಓಟು ಕೇಳಾಕ?… ಮೊದ್ಲು ಹೊಸ ಮನ್ಗೇ? ಒಳಕ್ಕ ಬಂದು ಕೂತ್ಕತ್ತರಾ?… ಬನ್ನಿ ಬುದ್ದಿ."

"ಕೇಳುಸ್ತೇನ್ಲಾ ರಾಚ?… ಯಾಕ್ಲಾ ನಗ್ತಿಯಾ?… ಏನು? ಅವ್ರು ಯೇಳ್ದಂಗೇ ಸೂರ ತಗ್ಗುಸ್ಬುಡಾದಾ?… ಓ."

ಚಿಕ್ಕಬಸಮ್ಮ ತಿರುಗಿ, ಸಿದ್ದಮಲ್ಲಪ್ಪನವರ ಆಳೆತ್ತರದ ಮೈಯನ್ನೂ ಅದರ ಮೇಲಿನ ಪೇಟವನ್ನೂ ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ಅಳೆದಳು. ಎದೆಮಟ್ಟದ ಸೂರು ಎಂದು ಕಟ್ಟಳೆ ಮಾಡಿದವರೂ ಅವರೇ, ಓಟಿಗಾಗಿ ಅದರಡಿ ನುಸುಳಬೇಕಾದವರೂ ಅವರೇ. ಅವಳ ಕೆನ್ನೆ ನಗೆಯಿಂದ ಉಬ್ಬಿತು.

"ಪೇಟ ಕಳಚಿ ಕಂಕುಳ್ಗ ಇರುಕ್ಕಬೇಕಾಯ್ತದ ಕಣ್ಲಾ… ಇಲ್ಲ, ಅವ್ರ್ಗ ಇನ್ನೂ ತಿಳುದಿಲ್ಲ…"

"ಬ್ಯಾಡ ರಾಚ… ಆಸ ಆಯ್ತದ, ಆದ್ರೂ ಬ್ಯಾಡ. ಅವ್ರು ಎಲೆಕ್ಷನ್ಗ ಒಂದ್ಸಲ ಬಗ್ಗಾದ ನೋಡಾಕ ನಾನು ದಿನಾ ಬಗ್ಗಬೇಕಲ್ಲ… ಹಾಂ, ಎತ್ತರನೇ. ನೀನು ನಿಂತ್ರ ನಿನ್ನ ತಲಮ್ಯಾಲ ಇನ್ನೊಂದು ಮೊಳ ಇರ್ಬೇಕು. ತಂತಿ ಕಳುಸು, ಹಲಗೆ ಕಳುಸು… ಹಲ್ಲು ಎಷ್ಟಗಲನಾ? ಯಜಮಾನ್ರ ಮನೇದ್ಕಿಂತ ದೊಡ್ಡವು. ಹಲೋ… ದೊಡ್ಡವು ಅಂದಿ, ಕೇಳುಸ್ತಾ? ಹಲೋ, ರಾಚ…"

ಲೈನು ಕಡಿದಿತ್ತು. ಅವಳು ಫೋನು ಇಡಲಿಲ್ಲ. ಹಿಂದಿನ ಬೆಂಚಿಗೂ ಕೇಳುವಂತೆ, ಸತ್ತ ಫೋನಿಗೆ ಇನ್ನೊಮ್ಮೆ ಹೇಳಿದಳು:

"ದೊಡ್ಡವು."