ಒಂಬತ್ತು ವರ್ಷದ ಹಿಂದೆ ನಾನು ಗುರುತಿಸಿದ ಶವದ ಬಗ್ಗೆ

ಹೇಳಿಕೆ ಕೊಡುತ್ತಿರುವವಳು ನಾನು, ವಯಸ್ಸು 46 ವರ್ಷ, ಶಾಲಾ ಸಮವಸ್ತ್ರ ಹೊಲಿಯುವ ಕೆಲಸ, ವಾಸ ನೀರಿನ ಟ್ಯಾಂಕಿನ ಹಿಂದಿನ ಬೀದಿ, ಎರಡನೇ ಮಹಡಿ. ಬೀದಿಯಲ್ಲಿ ಟೈಲರಮ್ಮ ಎಂದರೆ ಯಾರಾದರೂ ಮನೆ ತೋರಿಸುತ್ತಾರೆ. ಯಾರೂ ಕರೆಸದೆ, ನಾನಾಗಿಯೇ ಈ ದಿನ ಬೆಳಿಗ್ಗೆ 10.30ಕ್ಕೆ ಠಾಣೆಗೆ ಬಂದು ಬರೆಸುತ್ತಿರುವುದೇನೆಂದರೆ:

ಮನೆಯಲ್ಲಿ ನಾನು ಮತ್ತು ನನ್ನ ಮಗಳು ಇಬ್ಬರೇ. ಅವಳಿಗೆ 20 ವರ್ಷ, ರಕ್ತಪರೀಕ್ಷೆ ಕೇಂದ್ರದಲ್ಲಿ ಕೆಲಸ. ಕಳೆದ ಶನಿವಾರ, ಭಾನುವಾರ ಎರಡು ದಿನ ಬೆಟ್ಟದ ಮೇಲಿನ ಹೋಟೆಲಿನಲ್ಲಿ ಆರಾಮಾಗಿದ್ದು ಬರೋಣವೆಂದು ಅವಳೇ ಕೋಣೆ ಗೊತ್ತುಮಾಡಿದ್ದಳು. ಹೊಲಿಗೆ ಬಾಕಿಯಿದೆ ಎಂದು ನಾನು ಹೇಳಿದ್ದಕ್ಕೆ, ಎರಡು ದಿನ ಮಿಷನ್ ತುಳಿಯದಿದ್ದರೆ ಊರಿನ ಮಕ್ಕಳೇನು ಬರಿಮೈಯಲ್ಲಿ ಶಾಲೆಗೆ ಹೋಗುವುದಿಲ್ಲ ಎಂದಳು. ಶನಿವಾರ ಬೆಳಿಗ್ಗೆ 7ರ ಬಸ್ಸಿಗೆ ಹೊರಟು, 142 ಕಿಲೋಮೀಟರ್ ದೂರದ ಹೋಟೆಲನ್ನು ಮಧ್ಯಾಹ್ನ 12.20ಕ್ಕೆ ತಲುಪಿದೆವು. ಊಟವಾದ ಮೇಲೆ ನಾನು ಮಲಗಿ ನಿದ್ದೆ ಮಾಡಿದೆ. ಹಗಲು ಹೊತ್ತು ನಾನು ನಿದ್ದೆ ಮಾಡಿದ್ದು ಎಷ್ಟು ವರ್ಷದ ಮೇಲೋ ನೆನಪಿಲ್ಲ.

ಸಂಜೆ 4 ಗಂಟೆಗೆ ಮಗಳು ತಲೆಸ್ನಾನಕ್ಕೆ ಹೋದಾಗ ನಲ್ಲಿಯಲ್ಲಿ ಬಿಸಿನೀರು ಬರಲಿಲ್ಲ. ಫೋನ್ ಮಾಡಿದ್ದಕ್ಕೆ ಬಿಸಿನೀರಣ್ಣನನ್ನು ಕಳಿಸುತ್ತೇವೆ ಎಂದರು. ಹೋಟೆಲಿನಲ್ಲಿ ಬಾಯ್ಲರ್ ನೋಡಿಕೊಳ್ಳುವವರನ್ನು ಎಲ್ಲರೂ ಹಾಗೆಯೇ ಕರೆಯುತ್ತಾರೆಂದು ಆಮೇಲೆ ತಿಳಿಯಿತು. 4.10ಕ್ಕೆ ನೀಲಿ ಅಂಗಿಯ, ನರೆತ ಗಡ್ಡದ ಒಬ್ಬರು ತಲೆ ತಗ್ಗಿಸಿಕೊಂಡೇ ಬಂದು ಬಚ್ಚಲಿಗೆ ಹೋದರು. ನಾನು ಹೊದ್ದುಕೊಂಡು ಮಲಗಿದ್ದೆ. ಒಳಗಿನಿಂದ ಅವರು ವೈರಿನ ಜೊತೆ ಮಾತಾಡುವುದು ಕೇಳಿಸಿತು. "ಬಾ ಮರಿ, ಸತಾಯಿಸ್ಬೇಡ, ಬಾ" ಎನ್ನುತ್ತಿದ್ದರು.

ನಾನು ಎದ್ದುಹೋಗಿ ಬಚ್ಚಲಿನ ಬಾಗಿಲಲ್ಲಿ ನಿಂತೆ. ಅವರ ಬೆನ್ನು ನನ್ನ ಕಡೆಗಿತ್ತು. ಎದುರಿನ ಕನ್ನಡಿಯಲ್ಲಿ ನಾನು ಅವರನ್ನು, ಅವರು ನನ್ನನ್ನು ನೋಡಿದೆವು. ಸ್ಕ್ರೂಡ್ರೈವರ್ ಬಕೆಟ್ಟಿನೊಳಗೆ ಬಿತ್ತು. ಮಗಳು ಏನಾಯಿತೆಂದು ಕೇಳಿದಳು. ಹತ್ತು ನಿಮಿಷ ಬಿಟ್ಟು ನಲ್ಲಿ ತಿರುಗಿಸುವಂತೆ ಅವಳಿಗೆ ಹೇಳಿ ಅವರು ಹೊರಗೆ ಹೋದರು. ನನ್ನ ಮಗಳು, ಥ್ಯಾಂಕ್ಸ್ ಅಂಕಲ್, ಎಂದು ಬಾಗಿಲು ಹಾಕಿದಳು.

ಆ ವ್ಯಕ್ತಿ ನನ್ನ ಗಂಡ, ಅವಳ ತಂದೆ. ಕೆಲಸ ಮಾಡುವಾಗ ವೈರಿನ ಜೊತೆ ಹೀಗೆ ಮಾತಾಡುವುದು ಅವರ ಅಭ್ಯಾಸ. ಎಲೆಕ್ಟ್ರಿಷಿಯನ್ ಆಗಿದ್ದ ಅವರು ಒಂಬತ್ತು ವರ್ಷದ ಹಿಂದೆ ಕೆಲಸಕ್ಕೆಂದು ಹೋದವರು ವಾಪಸ್ ಬರಲಿಲ್ಲ. ಹತ್ತೊಂಬತ್ತನೇ ದಿನ ಬಸ್ ನಿಲ್ದಾಣದಿಂದ ಎರಡು ಕಿಲೋಮೀಟರ್ ಕೆಳಗೆ ಕಾಲುವೆಯಲ್ಲಿ ಒಂದು ಶವ ಸಿಕ್ಕಿತು. ಮುಖ ಗುರುತು ಸಿಗುವಂತಿರಲಿಲ್ಲ. ಮೈಮೇಲಿದ್ದ ಚೌಕಳಿ ಅಂಗಿ ನಾನು ಹೊಲಿದದ್ದು. ಕಾಲರಿನ ಹೊಲಿಗೆ ನೋಡಿ ಇದು ನನ್ನ ಗಂಡನ ಶವವೆಂದು ಇದೇ ಠಾಣೆಯಲ್ಲಿ ಸಹಿ ಮಾಡಿದ್ದೆ. ಮಣ್ಣು ಮಾಡಿ, ಕಲ್ಲಿನ ಮೇಲೆ ಅವರ ಹೆಸರು ಕೆತ್ತಿಸಿದ್ದೇವೆ.

4.25ಕ್ಕೆ, ಚಹಾ ತರುತ್ತೇನೆಂದು ಮಗಳಿಗೆ ಹೇಳಿ ಹೊರಬಿದ್ದೆ. ಹೋಟೆಲಿನ ಹಿಂದೆ ಮೂವತ್ತೆರಡು ಮೆಟ್ಟಿಲು ಕೆಳಗೆ ಬಾಯ್ಲರ್ ಕೋಣೆಯಿದೆ. ಮೆಟ್ಟಿಲು ಯಾಕೆ ಎಣಿಸಿದೆನೋ ಗೊತ್ತಿಲ್ಲ. ಅವರು ಅಲ್ಲಿ ನಿಂತಿದ್ದರು. ಅವರು ಎದುರಿಗೆ ಬಂದರೆ ಏನೇನು ಕೇಳಬೇಕೆಂದು ಮೊದಮೊದಲು ಸಾವಿರ ಸಲ ಯೋಚಿಸಿದ್ದೆ. ಕೇಳಿದ್ದು ಅದ್ಯಾವುದೂ ಅಲ್ಲ.

"ಹಾಗಾದ್ರೆ ನಾನು ಮಣ್ಣು ಮಾಡಿದ್ದು ಯಾರನ್ನ?" ಎಂದೆ.

ಅವರು ಕೂರಲು ಸ್ಟೂಲ್ ತೋರಿಸಿದರು. ನಾನು ಕೂರಲಿಲ್ಲ. ಯಾಕೆ ಹೋದಿರಿ ಎಂದು ಕೇಳಿದ್ದಕ್ಕೆ, "ಹೇಳಕ್ಕೆ ಕಾರಣ ಇಲ್ಲ ಕಣೇ. ಬಸ್ ಹತ್ತಿದೆ, ಇಳಿಯೋ ಜಾಗ ಬಂತು, ಇಳೀಲಿಲ್ಲ" ಎಂದರು. ನಮ್ಮಿಬ್ಬರಲ್ಲಿ ಜಗಳವಿರಲಿಲ್ಲ. ಆ ದಿನ ಬೆಳಿಗ್ಗೆ ಡಬ್ಬಿಗೆ ಏನು ಹಾಕಲಿ ಎಂದು ಕೇಳಿದ್ದೆ, ಏನಾದರೂ ಹಾಕು ಎಂದಿದ್ದರು, ಅಷ್ಟೇ.

ಅಂಗಿಯ ಬಗ್ಗೆ ಅವರು ಹೇಳಿದ್ದು ಹೀಗಿದೆ. ಬಸ್ ಹತ್ತುವ ಮುಂಚೆ ನಿಲ್ದಾಣದ ನಲ್ಲಿಯ ಹತ್ತಿರ ಒಬ್ಬ ಮನುಷ್ಯ ಹರಿದ ಅಂಗಿಯನ್ನು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದನಂತೆ. ಸುಮಾರು 35 ವರ್ಷ, ಸ್ವಲ್ಪ ತೊದಲುತ್ತಿದ್ದ. ಆರು ವರ್ಷದ ಮೇಲೆ ಅಕ್ಕನ ಮನೆಗೆ ಹೋಗುತ್ತಿದ್ದೇನೆ, ಈ ಅವತಾರದಲ್ಲಿ ಅವಳ ಬಾಗಿಲು ಹೇಗೆ ತಟ್ಟಲಿ ಎಂದನಂತೆ. ನನ್ನ ಗಂಡನ ಸಾಮಾನಿನ ಚೀಲದಲ್ಲಿ ನಾನು ಯಾವಾಗಲೂ ಒಂದು ಇಸ್ತ್ರಿ ಅಂಗಿ ಇಟ್ಟಿರುತ್ತಿದ್ದೆ. ಅದನ್ನು ತೆಗೆದು ಅವನಿಗೆ ಕೊಟ್ಟರು. ಮೂರು ವಾರದ ಮೇಲೆ ಪತ್ರಿಕೆಯಲ್ಲಿ ತಮ್ಮದೇ ಸಾವಿನ ಸುದ್ದಿ, ಚೌಕಳಿ ಅಂಗಿಯ ವಿವರ ಓದಿದಾಗ ಸತ್ತವನು ಯಾರೆಂದು ಅವರಿಗೆ ತಿಳಿಯಿತು. ನೀವೆಲ್ಲ ಅತ್ತು ಮುಗಿಸಿರುತ್ತೀರಿ, ಇನ್ನು ಬಂದು ಏನು ಮಾಡುವುದೆಂದು ಸುಮ್ಮನಾದೆ ಎಂದರು.

ನಾನು 5.15ಕ್ಕೆ ಮೇಲೆ ಬಂದೆ. ಮಗಳು ತಲೆ ಒರೆಸಿಕೊಳ್ಳುತ್ತಿದ್ದಳು. ನೀರು ಚೆನ್ನಾಗಿ ಕಾದಿತ್ತು ಎಂದಳು. ಚಹಾ ಎಲ್ಲಿ ಎಂದು ಕೇಳಿದಳು. ನಲ್ಲಿ ಸರಿಮಾಡಿ ಹೋದವರು ಯಾರೆಂದು ನಾನು ಹೇಳಿದೆ. ಅವಳು ಅಳಲಿಲ್ಲ, ಟವೆಲ್ಲನ್ನು ನಾಲ್ಕು ಮಡಿಕೆ ಮಾಡಿ ಮಂಚದ ಮೇಲಿಟ್ಟಳು. "ಅಂಕಲ್ ಅಂದೆ ನಾನು. ಸುಮ್ಮನೆ ಅನ್ನಿಸಿಕೊಂಡ್ರಲ್ಲಮ್ಮ" ಎಂದಳು.

ಭಾನುವಾರ ಬೆಳಿಗ್ಗೆ 8 ಗಂಟೆಗೆ ಅವಳೊಬ್ಬಳೇ ಬಾಯ್ಲರ್ ಕೋಣೆಗೆ ಹೋಗಿ 8.20ಕ್ಕೆ ಬಂದಳು. ಏನು ಮಾತಾಯಿತೆಂದು ನಾನು ಕೇಳಲಿಲ್ಲ, ಅವಳೂ ಹೇಳಿಲ್ಲ. ಠಾಣೆಯವರು ಕರೆದರೆ ಬಂದು ಎಲ್ಲ ಹೇಳಲು ಅವರು ಒಪ್ಪಿದ್ದಾರೆ ಎಂದಷ್ಟೇ ತಿಳಿಸಿದಳು. 9.30ರ ಬಸ್ಸಿಗೆ ಹೊರಟು ಬಂದೆವು. ಹೋಟೆಲಿನ ವಿಳಾಸ, ಫೋನ್ ನಂಬರ್ ಬೇರೆ ಹಾಳೆಯಲ್ಲಿ ಕೊಟ್ಟಿದ್ದೇನೆ.

ನನ್ನನ್ನು ಬಿಟ್ಟುಹೋದ ಬಗ್ಗೆ ನಾನು ದೂರು ಕೊಡುತ್ತಿಲ್ಲ.

ಬರೆಸಬೇಕಾದದ್ದು ಇನ್ನೊಂದಿದೆ. ಶವ ಗುರುತಿಸಿದ ದಿನ ನಾನು ಅಂಗಿ ಮಾತ್ರ ನೋಡಲಿಲ್ಲ, ಪಾದವನ್ನೂ ನೋಡಿದ್ದೆ. ಹದಿಮೂರು ವರ್ಷ ಗಂಡನಿಗೆ ಚಪ್ಪಲಿ ತಂದವಳು ನಾನು. ಆ ಪಾದಗಳು ಅವರ ಪಾದಕ್ಕಿಂತ ಒಂದು ಹೆಬ್ಬೆರಳಷ್ಟು ಉದ್ದವಿದ್ದವು. ನೀರಿನಲ್ಲಿ ಊದಿರಬೇಕೆಂದು ನನಗೆ ನಾನೇ ಹೇಳಿಕೊಂಡೆ. ಹತ್ತೊಂಬತ್ತು ದಿನ ಠಾಣೆಗೂ ಮನೆಗೂ ಅಲೆದಿದ್ದೆ. ಮಗಳು ಊಟ ಬಿಟ್ಟು ಬಾಗಿಲಲ್ಲೇ ಕೂರುತ್ತಿದ್ದಳು. ಅವರೇನಾ ಎಂದು ಕಾನ್‌ಸ್ಟೆಬಲ್ ಎರಡು ಸಲ ಕೇಳಿದರು. ಎರಡು ಸಲವೂ ಹೌದು ಎಂದೆ. ನನಗೆ ಅದು ಮುಗಿದರೆ ಸಾಕಾಗಿತ್ತು.

ಆದ್ದರಿಂದ ಆ ಕಡತವನ್ನು ಮತ್ತೆ ತೆರೆದು, ಕಲ್ಲಿನ ಮೇಲಿನ ಹೆಸರು ತೆಗೆಸಿ, ಆ ಮನುಷ್ಯ ಯಾರೆಂದು ಪತ್ತೆ ಮಾಡಬೇಕೆಂದು ಕೇಳಿಕೊಳ್ಳುತ್ತೇನೆ. ಅವನ ಅಕ್ಕ ಎಲ್ಲಿದ್ದರೂ ತಿಳಿಸಬೇಕು. ತಿಳಿಸಲು ಹೋಗುವಾಗ ನನ್ನನ್ನೂ ಕರೆದುಕೊಂಡು ಹೋಗಬೇಕು. ಅವನು ಬರಲು ಹೊರಟಿದ್ದ ಎಂದು ಆ ಅಕ್ಕನಿಗೆ ನಾನೇ ಹೇಳಬೇಕು.

ಮೇಲೆ ಬರೆದದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ, ಈ ಸಲ ಏನನ್ನೂ ಮುಚ್ಚಿಟ್ಟಿಲ್ಲ.

ಸ್ಥಳ: ಠಾಣೆಯ ಬರಹಗಾರರ ಕೋಣೆ
ದಿನ: ಸೋಮವಾರ, 14ನೇ ತಾರೀಖು, ಮಧ್ಯಾಹ್ನ 12.05
ಸಹಿ: (ಟೈಲರಮ್ಮ)